ಕಲ್ಲು ಅನ್ನವಾಗುವ ಬಗೆ



ಪೈರಿಗೂ ಆಹಾರ ಬೇಕೆಂಬುದನ್ನು ಒಕ್ಕಲಿಗನು ಶಾಸ್ತ್ರಜ್ಞರಿಗಿಂತ ಬಹು ಹಿಂದೆಯೇ ಬಲ್ಲವನಾಗಿದ್ದನು. ತಿಪ್ಪೆಯ ಗೊಬ್ಬರ ಬಿದ್ದ ಹೊಲವೂ ಬೀಳದ ಹೊಲವೂ ಒಂದೇ ಮಳೆಯಲ್ಲಿ ಬೇರೆ ಬೇರೆಯಾಗಿ ಫಲಿಸುವುದನ್ನು ಅವನು ಕಣ್ಣಾರೆ ಕಂಡಿದ್ದನು. ಆದರೆ ಆ ಗೊಬ್ಬರದಲ್ಲಿ ಪೈರಿಗೆ ಬೇಕಾದ ಸಾರವಾವುದು, ಅದು ಎಲ್ಲಿಂದ ಬರುವುದು, ಬೆಳೆಯನ್ನು ಕೊಯ್ದ ಬಳಿಕ ಎಲ್ಲಿಗೆ ಹೋಗುವುದು ಎಂಬ ವಿವರವು ಸುಮಾರು ಇನ್ನೂರು ವರ್ಷಗಳಿಂದೀಚೆಗೆ ಮಾತ್ರ ತಿಳಿದುಬಂದಿದೆ. ಇಂದು ಹಳ್ಳಿಹಳ್ಳಿಗೂ ಚೀಲಗಳಲ್ಲಿ ಬರುವ, ಜನರು ‘ಸರ್ಕಾರಿ ಗೊಬ್ಬರ’ವೆಂದು ಕರೆಯುವ ಕಾಳುಗಳು ಆ ತಿಳಿವಿನ ಫಲ. ಅವುಗಳಲ್ಲಿ ಒಂದು ಮುಖ್ಯ ಭಾಗವು ಕಲ್ಲಿನಿಂದ ಹುಟ್ಟಿದುದು. ನೆಲದೊಳಗಿನ ಗಟ್ಟಿ ಕಲ್ಲು ಹೇಗೆ ಗೊಬ್ಬರವಾಗುವುದು, ಅದಕ್ಕೆ ಲೋಕವು ತೆರುವ ಬೆಲೆಯೇನು, ಅದನ್ನು ಬಳಸುವವನ ಹೊಣೆಯೇನು ಎಂಬುದು ಈ ಉಪನ್ಯಾಸದ ವಿಷಯ.

ಪೈರಿಗೆ ವಿಶೇಷವಾಗಿ ಬೇಕಾದ ಸಾರಗಳು ಮೂರು: ಸಾರಜನಕ, ರಂಜಕ, ಪೊಟ್ಯಾಶು. ಇವುಗಳಲ್ಲಿ ಸಾರಜನಕಕ್ಕೆ ಕೊನೆಯಿಲ್ಲ. ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೇ ಆಗಿರುವುದು. ತೊಗರಿ, ಕಡಲೆ, ಅವರೆ ಮೊದಲಾದ ದ್ವಿದಳ ಧಾನ್ಯಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಅದನ್ನು ಗಾಳಿಯಿಂದ ಹಿಡಿದು ಪೈರಿಗೆ ಒದಗಿಸುವುವು. 1913ನೆಯ ಇಸವಿಯಿಂದ ಮನುಷ್ಯನೂ ಯಂತ್ರಶಾಲೆಗಳಲ್ಲಿ ಗಾಳಿಯ ಸಾರಜನಕದಿಂದ ಗೊಬ್ಬರ ಮಾಡಲು ಕಲಿತಿರುವನು. ರಂಜಕದ ಸ್ಥಿತಿ ಹೀಗಿಲ್ಲ. ಗಾಳಿಯಲ್ಲಿ ಅದರ ಭಂಡಾರವಿಲ್ಲ. ಅದು ಮೂಲಧಾತುವಾದುದರಿಂದ ಯಾವ ಕಾರ್ಖಾನೆಯಲ್ಲಿಯೂ ಅದನ್ನು ಸೃಷ್ಟಿಸಲಾಗದು. ಅದು ಮಾಡುವ ಕೆಲಸವನ್ನು ಮತ್ತೊಂದು ಧಾತು ಮಾಡಲಾರದು. ಅದು ಇರುವುದು ಕಲ್ಲಿನಲ್ಲಿ, ಮಣ್ಣಿನಲ್ಲಿ, ನೀರಿನಲ್ಲಿ ಮತ್ತು ಜೀವಿಗಳ ಶರೀರದಲ್ಲಿ. ಈ ಮಾತೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಸಂಗತಿಗಳೆಲ್ಲ ಸುಲಭವಾಗಿ ತಿಳಿಯುವುವು.

ಬೀಜವು ಮೊಳೆಯುವಾಗ, ಎಳೆಯ ಬೇರು ನೆಲಕ್ಕೆ ಇಳಿಯುವಾಗ, ಹೂವು ಕಾಯಿಯಾಗಿ ಕಾಯಿ ಕಾಳಾಗುವಾಗ ರಂಜಕವಿಲ್ಲದೆ ಏನೂ ನಡೆಯದು. ಎಲೆಯು ಬಿಸಿಲಿನಿಂದ ಪಡೆದ ಶಕ್ತಿಯನ್ನು ಪೈರಿನ ಅಂಗಾಂಗಗಳಿಗೆ ಸಾಗಿಸುವುದೂ, ವಂಶದ ಗುಣವನ್ನು ಬೀಜದಿಂದ ಬೀಜಕ್ಕೆ ಒಯ್ಯುವುದೂ ರಂಜಕವು ಸೇರಿದ ದ್ರವ್ಯಗಳೇ. ರಂಜಕ ಸಾಲದ ಪೈರು ಕುಳ್ಳಾಗಿ ನಿಲ್ಲುವುದು. ಗೋವಿನಜೋಳದಂತಹ ಪೈರಿನ ಎಲೆಗಳಲ್ಲಿ ನೇರಳೆ ಬಣ್ಣ ಕಾಣಿಸಿಕೊಳ್ಳುವುದು. ತೆನೆಯು ತಡವಾಗಿ ಬಲಿಯುವುದು. ಮನುಷ್ಯನ ಶರೀರದಲ್ಲಿಯೂ ಸುಮಾರು 700 ಗ್ರಾಂ ರಂಜಕವಿರುವುದು. ಅದರಲ್ಲಿ ಶೇಕಡಾ 85ರಷ್ಟು ಎಲುಬು ಮತ್ತು ಹಲ್ಲುಗಳಲ್ಲಿಯೇ ಸೇರಿಕೊಂಡಿರುವುದು. ಹೊಲದಲ್ಲಿದ್ದ ಸಾರವೇ ಉಣ್ಣುವವನ ಎಲುಬಾಗಿರುವುದೆಂದರೆ ಅತಿಶಯೋಕ್ತಿಯಾಗಲಾರದು.

ಒಂದು ಟನ್ ಧಾನ್ಯವು ಹೊಲವನ್ನು ಬಿಟ್ಟು ಹೋಗುವಾಗ ಅದರೊಡನೆ ಸುಮಾರು 3 ಕಿಲೋಗ್ರಾಂ ರಂಜಕವೂ ಹೋಗುವುದು. ಹಿಂದಿನ ಕಾಲದಲ್ಲಿ ಊರಿನ ಬೆಳೆಯನ್ನು ಬಹುಮಟ್ಟಿಗೆ ಊರಿನವರೇ ಉಣ್ಣುತ್ತಿದ್ದರು. ಮೇವನ್ನು ಊರಿನ ದನಗಳೇ ತಿನ್ನುತ್ತಿದ್ದುವು. ಸಗಣಿ, ಗಂಜಲ, ಬೂದಿ, ಕಸಕಡ್ಡಿ ಎಲ್ಲವೂ ತಿಪ್ಪೆಗುಂಡಿಯನ್ನು ಸೇರಿ, ಮಳೆಗಾಲಕ್ಕೆ ಮುಂಚೆ ಬಂಡಿಯಲ್ಲಿ ಹೊಲಕ್ಕೆ ಮರಳುತ್ತಿದ್ದುವು. ಅಲ್ಲಲ್ಲಿ ಸೋರಿ ಹೋಗುತ್ತಿದ್ದರೂ ರಂಜಕದ ಬಹುಭಾಗವು ಊರ ಎಲ್ಲೆಯೊಳಗೇ ಸುತ್ತುತ್ತಿತ್ತು. ರೈಲೂ ಪೇಟೆಯೂ ಬೆಳೆದ ಮೇಲೆ ಈ ಸುತ್ತು ಕಡಿಯಿತು. ಧಾನ್ಯದ ಚೀಲ ಪಟ್ಟಣಕ್ಕೆ ಹೋಯಿತು, ಅದರೊಡನೆ ಹೋದ ರಂಜಕವು ಪಟ್ಟಣದ ಚರಂಡಿಯನ್ನು ಸೇರಿತು, ಹೊಲಕ್ಕೆ ಮರಳಲಿಲ್ಲ. ಮೊದಲು ಯೂರೋಪಿನಲ್ಲಿ, ಅನಂತರ ಲೋಕದ ಇತರ ಭಾಗಗಳಲ್ಲಿ ಭೂಮಿಯು ಬಡವಾಗುತ್ತ ಬಂದುದಕ್ಕೆ ಇದೊಂದು ಮುಖ್ಯ ಕಾರಣ.

ರಂಜಕವು ಮನುಷ್ಯನ ಕಣ್ಣಿಗೆ ಬಿದ್ದ ಕಥೆ ಸ್ವಾರಸ್ಯವಾಗಿದೆ. 1669ನೆಯ ಇಸವಿಯಲ್ಲಿ ಜರ್ಮನಿಯ ಹ್ಯಾಂಬರ್ಗ್ ಪಟ್ಟಣದ ಹೆನಿಗ್ ಬ್ರಾಂಡ್ ಎಂಬ ರಸವಾದಿಯು ಮೂತ್ರವನ್ನು ಕಾಯಿಸಿ ಇಂಗಿಸಿ ಅದರಿಂದ ಚಿನ್ನ ತೆಗೆಯಬೇಕೆಂದು ಹವಣಿಸುತ್ತಿದ್ದನು. ಚಿನ್ನ ದೊರೆಯಲಿಲ್ಲ, ಕತ್ತಲೆಯಲ್ಲಿ ತಾನೇ ಹೊಳೆಯುವ ಮೇಣದಂತಹ ಪದಾರ್ಥವೊಂದು ದೊರೆಯಿತು. ಬೆಳಕನ್ನು ಹೊತ್ತು ತರುವುದೆಂಬ ಅರ್ಥದ ಗ್ರೀಕ್ ಹೆಸರನ್ನು ಅದಕ್ಕೆ ಇಟ್ಟರು. ಕನ್ನಡದಲ್ಲಿ ಅದು ರಂಜಕವೆನಿಸಿತು. ಸುಮಾರು ನೂರು ವರ್ಷಗಳ ಬಳಿಕ ಸ್ವೀಡನ್ ದೇಶದ ಗಾನ್ ಮತ್ತು ಶೀಲೆ ಎಂಬ ವಿದ್ವಾಂಸರು ಪ್ರಾಣಿಗಳ ಎಲುಬಿನಲ್ಲಿಯೂ ಇದೇ ಪದಾರ್ಥವು ಸುಣ್ಣದೊಡನೆ ಕೂಡಿಕೊಂಡಿರುವುದನ್ನು ತೋರಿಸಿದರು.

ಎಲುಬಿನ ಪುಡಿಯನ್ನು ಹಾಕಿದರೆ ಬೆಳೆ ಚೆನ್ನಾಗಿ ಬರುವುದೆಂಬುದು ಅಷ್ಟರಲ್ಲಿಯೇ ಆಂಗ್ಲದೇಶದ ಬೇಸಾಯಗಾರರ ಅನುಭವಕ್ಕೆ ಬರತೊಡಗಿತ್ತು. ಆದರೆ ಕೆಲವು ಭೂಮಿಗಳಲ್ಲಿ ಅದು ಗುಣ ಕೊಡುತ್ತಿತ್ತು, ಕೆಲವು ಭೂಮಿಗಳಲ್ಲಿ ಕೊಡುತ್ತಿರಲಿಲ್ಲ. 1840ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞನಾದ ಲೀಬಿಗ್ ಎಂಬವನು ಬೇಸಾಯಕ್ಕೆ ರಸಾಯನಶಾಸ್ತ್ರವನ್ನು ಅನ್ವಯಿಸಿ ಬರೆದ ಗ್ರಂಥವನ್ನು ಪ್ರಕಟಿಸಿದನು. ಎಲುಬನ್ನು ಗಂಧಕಾಮ್ಲದಲ್ಲಿ ನೆನೆಸಿದರೆ ಅದರ ಸಾರವು ಪೈರಿಗೆ ಬೇಗನೆ ದಕ್ಕುವುದೆಂದು ಅವನು ಸೂಚಿಸಿದನು. ಆಂಗ್ಲದೇಶದ ಹರ್ಟ್‌ಫರ್ಡ್‌ಷೈರ್ ಪ್ರಾಂತದ ರೋಥಾಂಸ್ಟೆಡ್ ಎಂಬಲ್ಲಿ ಜಮೀನುದಾರನಾಗಿದ್ದ ಜಾನ್ ಬೆನೆಟ್ ಲಾಸ್ ಎಂಬವನು ಎಲುಬಿಗೆ ಮಾತ್ರವಲ್ಲದೆ ರಂಜಕವುಳ್ಳ ಕಲ್ಲುಗಳಿಗೂ ಈ ಕ್ರಮವನ್ನು ಅನ್ವಯಿಸಿ 1842ರಲ್ಲಿ ಅದರ ಹಕ್ಕುಪತ್ರವನ್ನು ಪಡೆದನು. ಮರುವರ್ಷ ಲಂಡನ್ನಿನ ಡೆಪ್ಟ್‌ಫರ್ಡ್ ಎಂಬಲ್ಲಿ ಅವನ ಕಾರ್ಖಾನೆ ಆರಂಭವಾಯಿತು. ಸೂಪರ್ ಫಾಸ್ಫೇಟ್ ಎಂಬ ಗೊಬ್ಬರದ ವ್ಯಾಪಾರವು ಲೋಕದಲ್ಲಿ ಬೇರೂರಿದುದು ಹೀಗೆ. ಅದೇ 1843ರಲ್ಲಿ ಅವನು ಗಿಲ್ಬರ್ಟ್ ಎಂಬ ರಸಾಯನಜ್ಞನೊಡಗೂಡಿ ರೋಥಾಂಸ್ಟೆಡ್ಡಿನಲ್ಲಿ ಆರಂಭಿಸಿದ ಗೋದಿಯ ಬೇಸಾಯದ ಪ್ರಯೋಗವು ಇಂದಿಗೂ ನಡೆಯುತ್ತಲಿದೆ.

ಎಲುಬಿನ ಸಂಗ್ರಹಕ್ಕೆ ಮಿತಿಯುಂಟು. ಅನ್ಯದೇಶಗಳ ಎಲುಬುಗಳೂ ಹಡಗುಗಳಲ್ಲಿ ಯೂರೋಪಿಗೆ ಹೋಗುತ್ತಿದ್ದುವು. ಭಾರತದ ಎಲುಬುಗಳೂ ಹಾಗೆಯೇ ಹೋದುವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ದೇಶದ ಬೇಸಾಯವನ್ನು ಪರೀಕ್ಷಿಸಲು ಬಂದ ವೋಲ್ಕರ್ ಎಂಬ ರಸಾಯನಜ್ಞನು 1893ರ ತನ್ನ ವರದಿಯಲ್ಲಿ ಈ ರಫ್ತಿನ ವಿಷಯವನ್ನು ಚರ್ಚಿಸಿರುವನು. ಎಲುಬು ಸಾಲದಾದಾಗ ಮನುಷ್ಯನು ನೆಲವನ್ನು ಅಗೆಯತೊಡಗಿದನು. ಮೊದಲು ಆಂಗ್ಲದೇಶದ ಸಫೋಕ್ ಮತ್ತು ಕೇಂಬ್ರಿಜ್ ಪ್ರಾಂತಗಳ ಶಿಲಾಗುಂಡುಗಳು, ಅನಂತರ ಅಮೆರಿಕದ ದಕ್ಷಿಣ ಕೆರೊಲಿನಾ ಮತ್ತು ಫ್ಲಾರಿಡಾ, ಆಮೇಲೆ ಉತ್ತರ ಆಫ್ರಿಕದ ಟ್ಯುನಿಸಿಯ, ಆಲ್ಜೀರಿಯ, ಮೊರಾಕ್ಕೊ ಎಂದು ಗಣಿಗಾರಿಕೆಯು ದೇಶದಿಂದ ದೇಶಕ್ಕೆ ಹಬ್ಬಿತು. ಮೊರಾಕ್ಕೊ ದೇಶದ ಖೂರಿಬ್ಗಾ ಎಂಬಲ್ಲಿ ಗಣಿಯು 1921ರಲ್ಲಿ ಆರಂಭವಾಯಿತು.

ಈ ಕಲ್ಲುಗಳಲ್ಲಿ ಬಹುಭಾಗವು ಒಂದಾನೊಂದು ಕಾಲದಲ್ಲಿ ಸಮುದ್ರದ ತಳವಾಗಿದ್ದುದು. ಜಲಚರಗಳ ಅವಶೇಷಗಳಿಂದಲೂ ನೀರಿನಲ್ಲಿ ಕರಗಿದ್ದ ದ್ರವ್ಯಗಳಿಂದಲೂ ರಂಜಕವು ಲಕ್ಷಾಂತರ ವರ್ಷಗಳ ಕಾಲ ಅಲ್ಲಿ ಶೇಖರವಾಗಿ ಕಲ್ಲಾಯಿತು. ಭಾರತದಲ್ಲಿಯೂ ಇಂತಹ ನಿಕ್ಷೇಪಗಳುಂಟು. ರಾಜಸ್ಥಾನದ ಉದಯಪುರಕ್ಕೆ ಸುಮಾರು 25 ಕಿಲೋಮೀಟರು ದೂರದ ಝಾಮರ್‌ಕೋಟ್ರಾ ಎಂಬಲ್ಲಿ 1968ರಲ್ಲಿ ಪತ್ತೆಯಾದ ನಿಕ್ಷೇಪವು ಅವುಗಳಲ್ಲಿ ಮುಖ್ಯವಾದುದು. ಅಲ್ಲಿಯ ಕಲ್ಲಿನಲ್ಲಿ ಪದರಪದರವಾಗಿ ಕಾಣುವ ದುಂಡನೆಯ ಗುರುತುಗಳು 150 ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಸಮುದ್ರದಲ್ಲಿ ಬದುಕಿದ್ದ ಸೂಕ್ಷ್ಮಜೀವಿಗಳು ಕಟ್ಟಿದ ಗೂಡುಗಳಾಗಿವೆ. ಮನುಷ್ಯನು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಕಣ್ಣಿಗೆ ಕಾಣದ ಜೀವಿಗಳು ಕೂಡಿಟ್ಟ ಸಂಪತ್ತೇ ಇಂದು ಚೀಲದಲ್ಲಿ ಹೊಲಕ್ಕೆ ಬರುತ್ತಿರುವುದು.

ಆದರೆ ಕಲ್ಲನ್ನು ಅಗೆದು ಹೊಲದಲ್ಲಿ ಚೆಲ್ಲಿದ ಮಾತ್ರಕ್ಕೆ ಅದು ಗೊಬ್ಬರವಾಗದು. ಈ ಕಲ್ಲಿನಲ್ಲಿರುವ ಖನಿಜಕ್ಕೆ ಅಪಟೈಟ್ ಎಂದು ಹೆಸರು. ಅದರಲ್ಲಿ ರಂಜಕವು ಸುಣ್ಣದ ಮೂಲಧಾತುವಾದ ಕ್ಯಾಲ್ಸಿಯಮ್ಮಿನೊಡನೆಯೂ ಫ್ಲೋರಿನ್ನಿನೊಡನೆಯೂ ಬಿಗಿಯಾಗಿ ಬೆಸೆದುಕೊಂಡಿರುವುದು. ಆದುದರಿಂದ ಅದು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಪೈರಾದರೋ ಕರಗಿದುದನ್ನಲ್ಲದೆ ಬೇರೆಯದನ್ನು ಹೀರಲಾರದು. ಧಾನ್ಯವು ಕಣಜದಲ್ಲಿದ್ದೂ ಬಾಗಿಲಿಗೆ ಬೀಗ ಬಿದ್ದಿದ್ದರೆ ಮನೆಯವರು ಹಸಿದಿರಬೇಕಾಗುವಂತೆ, ರಂಜಕದ ಕಲ್ಲಿನ ಪಕ್ಕದಲ್ಲಿಯೇ ಪೈರು ಸೊರಗಬಹುದು. ಕಾರ್ಖಾನೆಯು ಮಾಡುವ ಕೆಲಸವು ಈ ಬೀಗವನ್ನು ತೆರೆಯುವುದು. ಅದು ಹೊಸದಾಗಿ ಏನನ್ನೂ ಸೃಷ್ಟಿಸುವುದಿಲ್ಲ. ಗಂಧಕಾಮ್ಲವೇ ಅದರ ಕೀಲಿಕೈ.

ಮೊದಲನೆಯ ಕೆಲಸ ಕಲ್ಲನ್ನು ಶುದ್ಧಿ ಮಾಡುವುದು. ಗಣಿಯಿಂದ ಬಂದ ಕಲ್ಲಿನಲ್ಲಿ ಮಣ್ಣು, ಮರಳು, ಸುಣ್ಣಕಲ್ಲು ಬೆರೆತಿರುವುದು. ಅದನ್ನು ಒಡೆದು, ಅರೆದು, ತೊಳೆಯುವರು. ಆ ಬಳಿಕ ನೀರಿನ ತೊಟ್ಟಿಯಲ್ಲಿ ಕೆಲವು ಎಣ್ಣೆಯಂತಹ ದ್ರವ್ಯಗಳನ್ನು ಸೇರಿಸಿ ಕೆಳಗಿನಿಂದ ಗಾಳಿಯನ್ನು ಊದುವರು. ಒಂದು ಖನಿಜದ ಕಣಗಳು ಗುಳ್ಳೆಗಳಿಗೆ ಅಂಟಿಕೊಂಡು ನೊರೆಯೊಡನೆ ಮೇಲೇರುವುವು. ಮತ್ತೊಂದರ ಕಣಗಳು ಕೆಳಗೆ ಉಳಿಯುವುವು. ಝಾಮರ್‌ಕೋಟ್ರಾದ ಕೀಳುದರ್ಜೆಯ ಕಲ್ಲಿನಿಂದ ಡಾಲೊಮೈಟ್ ಎಂಬ ಸುಣ್ಣಕಲ್ಲನ್ನು ಬೇರ್ಪಡಿಸುವುದು ಈ ಕ್ರಮದಿಂದಲೇ. ಗೃಹಿಣಿಯು ಮೊರದಲ್ಲಿ ಜೊಳ್ಳನ್ನೂ ಕಾಳನ್ನೂ ಬೇರೆ ಮಾಡುವಂತೆಯೇ ಈ ಕೆಲಸ. ಇಲ್ಲಿ ಗಾಳಿಯು ನೀರಿನೊಳಗಿನಿಂದ ಬರುವುದಷ್ಟೇ ಭೇದ.

ಶುದ್ಧವಾದ ಕಲ್ಲನ್ನು ಹಿಟ್ಟಿನಂತೆ ನುಣ್ಣಗೆ ಅರೆದು ಗಂಧಕಾಮ್ಲದೊಡನೆ ಕಲಸಿದರೆ ಸೂಪರ್ ಫಾಸ್ಫೇಟ್ ಹುಟ್ಟುವುದು. ಕಲಸಿದ ಸ್ವಲ್ಪ ಹೊತ್ತಿನಲ್ಲಿಯೇ ಮಿಶ್ರಣವು ಕುದಿದು, ಉಬ್ಬಿ, ಗಟ್ಟಿಯಾಗುವುದು. ಆಗ ಮೇಲೇಳುವ ಫ್ಲೋರಿನ್ನಿನ ಅನಿಲವು ವಿಷವಾದುದರಿಂದ ಅದನ್ನು ನೀರಿನ ತುಂತುರಿನಲ್ಲಿ ತೊಳೆದು ಹಿಡಿಯಬೇಕು. ಗಟ್ಟಿಯಾದುದನ್ನು ಕತ್ತರಿಸಿ ಎರಡು ಮೂರು ವಾರಗಳ ಕಾಲ ರಾಶಿ ಹಾಕಿ ಹಣ್ಣಾಗಲು ಬಿಡುವರು. ಆಮ್ಲವು ಖನಿಜದಿಂದ ಕ್ಯಾಲ್ಸಿಯಮ್ಮಿನ ಒಂದು ಭಾಗವನ್ನು ಸೆಳೆದುಕೊಂಡು ಜಿಪ್ಸಂ ಆಗುವುದು. ರಂಜಕವು ನೀರಿನಲ್ಲಿ ಕರಗುವ ರೂಪವನ್ನು ಹೊಂದುವುದು. ಎರಡೂ ಅದೇ ಗೊಬ್ಬರದಲ್ಲಿಯೇ ಉಳಿಯುವುವು. ಆದಕಾರಣ ಸೂಪರ್ ಗೊಬ್ಬರದಲ್ಲಿ ಗಂಧಕವೂ ಸುಣ್ಣದ ಅಂಶವೂ ದೊರೆಯುವುವು. ಭಾರತದಲ್ಲಿ ಈ ಗೊಬ್ಬರದ ಮೊದಲ ಕಾರ್ಖಾನೆಯು ಇಂದಿನ ತಮಿಳುನಾಡಿನ ರಾಣಿಪೇಟೆಯಲ್ಲಿ 1906ರಲ್ಲಿ ಸ್ಥಾಪಿತವಾಯಿತು.

ಸೂಪರ್ ಫಾಸ್ಫೇಟಿನಲ್ಲಿ ರಂಜಕದ ಪ್ರಮಾಣ ಕಡಿಮೆ. ಲೆಕ್ಕಕ್ಕೆ ಶೇಕಡಾ 16. ದೂರದ ಊರುಗಳಿಗೆ ಸಾಗಿಸಲು ಇದು ದುಬಾರಿಯೆನಿಸಿದುದರಿಂದ ಹೆಚ್ಚು ಸಾರವುಳ್ಳ ಗೊಬ್ಬರಗಳು ಬಂದುವು. ಇವುಗಳಿಗೆ ರಂಜಕಾಮ್ಲವೇ ಆಧಾರ. ಕಲ್ಲಿನ ಹಿಟ್ಟನ್ನು ಹೆಚ್ಚಿನ ಗಂಧಕಾಮ್ಲದೊಡನೆ ಸುಮಾರು 75ರಿಂದ 80 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕದಡುತ್ತಿದ್ದರೆ ರಂಜಕವೆಲ್ಲ ದ್ರವರೂಪದ ಆಮ್ಲವಾಗಿ ಬಿಡುಗಡೆ ಹೊಂದುವುದು. ಜಿಪ್ಸಂ ಹರಳುಗಟ್ಟಿ ಬೇರೆಯಾಗುವುದು. ಅದನ್ನು ಸೋಸಿ, ಆಮ್ಲವನ್ನು ಕಾಯಿಸಿ ಗಟ್ಟಿ ಮಾಡುವರು. ಈ ಆಮ್ಲಕ್ಕೆ ಅಮೋನಿಯವನ್ನು ಕೂಡಿಸಿ, ತಿರುಗುವ ಪೀಪಾಯಿಯಲ್ಲಿ ಕಾಳುಕಟ್ಟಿಸಿ, ಒಣಗಿಸಿ, ಜರಡಿ ಹಿಡಿದರೆ ಡಿ.ಎ.ಪಿ. ಸಿದ್ಧವಾಗುವುದು. ಅದರ ಚೀಲದ ಮೇಲೆ 18 ಮತ್ತು 46 ಎಂಬ ಅಂಕಗಳಿರುವುವು. ಮೊದಲನೆಯದು ಸಾರಜನಕದ ಶೇಕಡಾ ಪ್ರಮಾಣ. ಎರಡನೆಯದು ರಂಜಕವು ಆಮ್ಲಜನಕದೊಡನೆ ಕೂಡಿದ ರೂಪದ ಲೆಕ್ಕ. ಬರಿಯ ರಂಜಕವೆಂದರೆ ಅದು ಶೇಕಡಾ 20ರಷ್ಟಾಗುವುದು. ಎಂದರೆ 50 ಕಿಲೋಗ್ರಾಂ ತೂಕದ ಒಂದು ಚೀಲದಲ್ಲಿ 9 ಕಿಲೋಗ್ರಾಂ ಸಾರಜನಕವೂ ಸುಮಾರು 10 ಕಿಲೋಗ್ರಾಂ ರಂಜಕವೂ ಇರುವುವು. ಮೂರು ಟನ್ನಿಗಿಂತ ಹೆಚ್ಚು ಧಾನ್ಯವು ಹೊಲದಿಂದ ಹೊತ್ತೊಯ್ಯುವ ರಂಜಕವು ಆ ಒಂದು ಚೀಲದಲ್ಲಿರುವುದು.

ಈ ವಿದ್ಯೆಯಿಂದ ಲೋಕಕ್ಕೆ ಆದ ಉಪಕಾರವು ಅಲ್ಪವಲ್ಲ. ಬಡವಾದ ಭೂಮಿಗಳು ಮತ್ತೆ ಫಲಿಸಿದುವು. ಇಪ್ಪತ್ತನೆಯ ಶತಮಾನದಲ್ಲಿ ಹೆಚ್ಚಿದ ಜನಕೋಟಿಗೆ ಅನ್ನ ದೊರೆತುದರಲ್ಲಿ ಹೊಸ ತಳಿಗಳಿಗೂ ನೀರಾವರಿಗೂ ಎಷ್ಟು ಪಾಲಿದೆಯೋ ಈ ಗೊಬ್ಬರಗಳಿಗೂ ಅಷ್ಟೇ ಮಹತ್ತ್ವದ ಪಾಲಿದೆ. ರಾಸಾಯನಿಕ ಗೊಬ್ಬರವೆಂದರೆ ವಿಷವೆಂದು ಸಾರಾಸಗಟಾಗಿ ಹಳಿಯುವುದು ನ್ಯಾಯವಲ್ಲ. ಆದರೆ ಉಪಕಾರವನ್ನು ಹೇಳಿ ಅದರ ಬೆಲೆಯನ್ನು ಮುಚ್ಚಿಡುವುದೂ ನ್ಯಾಯವಲ್ಲ.

ಮೊದಲನೆಯ ಬೆಲೆಯನ್ನು ತೆತ್ತುದು ಕಲ್ಲು ಹುಟ್ಟಿದ ನೆಲ. ಶಾಂತ ಮಹಾಸಾಗರದಲ್ಲಿ ನೌರು ಎಂಬ ದ್ವೀಪವೊಂದುಂಟು. ಅದರ ವಿಸ್ತಾರ ಕೇವಲ 21 ಚದರ ಕಿಲೋಮೀಟರು. ಅಲ್ಲಿಯ ಕಲ್ಲು ರಂಜಕದಿಂದ ಸಮೃದ್ಧವಾಗಿರುವುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಿಳಿದುಬಂದಿತು. ಪರರಾಜ್ಯಗಳ ಆಡಳಿತದಲ್ಲಿ ದಶಕಗಳ ಕಾಲ ಅದನ್ನು ಅಗೆದು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳ ಹೊಲಗಳಿಗೂ ಹುಲ್ಲುಗಾವಲುಗಳಿಗೂ ಒಯ್ದರು. 1968ರಲ್ಲಿ ನೌರು ಸ್ವತಂತ್ರವಾದ ಮೇಲೆಯೂ ಗಣಿಗಾರಿಕೆ ಮುಂದುವರಿಯಿತು. ದ್ವೀಪದ ಸುಮಾರು ಐದರಲ್ಲಿ ನಾಲ್ಕು ಪಾಲು ಅಗೆತಕ್ಕೆ ತುತ್ತಾಗಿ, ಹವಳದ ಸುಣ್ಣಕಲ್ಲಿನ ಮೊನಚಾದ ಕಂಬಗಳು ಮಾತ್ರ ನಿಂತುವು. ಹಾಳಾದ ನೆಲವನ್ನು ಸರಿಪಡಿಸಿಕೊಡಬೇಕೆಂದು ನೌರು 1989ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಆಸ್ಟ್ರೇಲಿಯದ ಮೇಲೆ ವ್ಯಾಜ್ಯ ಹೂಡಿತು. 1993ರಲ್ಲಿ 10 ಕೋಟಿ 70 ಲಕ್ಷ ಆಸ್ಟ್ರೇಲಿಯನ್ ಡಾಲರುಗಳ ಒಪ್ಪಂದವಾಗಿ ವ್ಯಾಜ್ಯ ಮುಗಿಯಿತು. ಅದರ ನೆರೆಯ ಬನಾಬಾ ದ್ವೀಪದ ಗತಿ ಇನ್ನೂ ಕಠಿಣವಾದುದು. ಅಲ್ಲಿಯ ಜನರನ್ನು 1945ರಲ್ಲಿ ದೂರದ ಫಿಜಿಯ ರಾಬಿ ದ್ವೀಪಕ್ಕೆ ಸಾಗಿಸಿದರು. ಅವರ ತಾಯ್ನೆಲವನ್ನು ಅಗೆಯುವ ಕೆಲಸವು 1979ರವರೆಗೆ ನಡೆಯಿತು. ಒಬ್ಬರ ಹೊಲವನ್ನು ಹಸುರು ಮಾಡಿದ ಕಲ್ಲು ಮತ್ತೊಬ್ಬರ ಮನೆಯ ಅಂಗಳವಾಗಿದ್ದಿತು.

ಎರಡನೆಯ ಬೆಲೆಯು ಕಾರ್ಖಾನೆಯ ಬಾಗಿಲಲ್ಲಿ ಬೀಳುವುದು. ಒಂದು ಟನ್ ಪ್ರಮಾಣದ ರಂಜಕಾಮ್ಲವನ್ನು ಮೇಲೆ ಹೇಳಿದ ಆಮ್ಲಜನಕ ಕೂಡಿದ ಲೆಕ್ಕದಲ್ಲಿ ತೆಗೆದರೆ ಸುಮಾರು 5 ಟನ್ ಜಿಪ್ಸಂ ಉಳಿಯುವುದು. ಇದರಲ್ಲಿ ಆಮ್ಲದ ಶೇಷವೂ ಫ್ಲೋರಿನ್ನೂ ಅಲ್ಪಸ್ವಲ್ಪ ರೇಡಿಯಮ್ಮೂ ಸೇರಿಕೊಂಡಿರುವುದರಿಂದ ಅದನ್ನು ಎಲ್ಲೆಂದರಲ್ಲಿ ಸುರಿಯಲಾಗದು. ಸಿಮೆಂಟಿಗೂ ಚೌಳು ಭೂಮಿಯನ್ನು ತಿದ್ದುವುದಕ್ಕೂ ಅದರಲ್ಲಿ ಸ್ವಲ್ಪ ಭಾಗ ಉಪಯೋಗವಾಗುವುದು. ಉಳಿದುದು ಬೆಟ್ಟವಾಗಿ ಬೆಳೆಯುವುದು. ಅಮೆರಿಕದ ಫ್ಲಾರಿಡಾದ ಮಲ್ಬೆರಿ ಎಂಬ ಊರಿನ ಬಳಿ 2016ರಲ್ಲಿ ಅಂತಹ ಬೆಟ್ಟವೊಂದರ ಕೆಳಗೆ ನೆಲ ಕುಸಿದು, ಸುಮಾರು 80 ಕೋಟಿ ಲೀಟರ್ ಮಲಿನವಾದ ನೀರು ಅಂತರ್ಜಲದ ಪದರಕ್ಕೆ ಇಳಿದುಹೋಯಿತು.

ಮೂರನೆಯ ಬೆಲೆಯು ಪರಾಧೀನತೆ. ಲೋಕದಲ್ಲಿ ತೆಗೆಯಲು ಲಾಭಕರವೆಂದು ಎಣಿಸಲಾದ ರಂಜಕಶಿಲೆಯ ಸುಮಾರು ಶೇಕಡಾ 70 ಪಾಲು ಮೊರಾಕ್ಕೊ ಮತ್ತು ವಿವಾದಗ್ರಸ್ತವಾದ ಪಶ್ಚಿಮ ಸಹಾರಾ ಪ್ರದೇಶದಲ್ಲಿಯೇ ಇರುವುದು. 2007ರಲ್ಲಿ ಟನ್ನಿಗೆ ಸುಮಾರು 50 ಡಾಲರಿದ್ದ ಕಲ್ಲಿನ ಬೆಲೆಯು 2008ರಲ್ಲಿ 400 ಡಾಲರನ್ನು ಮೀರಿತು. ಯೂರೋಪಿನ ಒಕ್ಕೂಟವು 2014ರಲ್ಲಿ ಇದನ್ನು ಅತ್ಯಗತ್ಯವಾದರೂ ಅಭಾವವುಂಟಾಗಬಹುದಾದ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಭಾರತದ ನಿಕ್ಷೇಪಗಳು ದೇಶದ ಬೇಡಿಕೆಗೆ ಸಾಲವು. ಕಲ್ಲಾಗಿಯೋ ಆಮ್ಲವಾಗಿಯೋ ಸಿದ್ಧ ಗೊಬ್ಬರವಾಗಿಯೋ ರಂಜಕದ ಬಹುಭಾಗವು ಹೊರಗಿನಿಂದಲೇ ಬರಬೇಕು. ಮಂಗಳೂರಿನ ಪಣಂಬೂರಿನಲ್ಲಿ ತಯಾರಾಗುವ ಡಿ.ಎ.ಪಿ. ಗೊಬ್ಬರಕ್ಕೂ ರಂಜಕಾಮ್ಲವು ಸಮುದ್ರದ ದಾರಿಯಾಗಿಯೇ ಬಂದಿದೆ. ಕಲ್ಯಾಣ ಕರ್ನಾಟಕದ ತೊಗರಿಯ ಹೊಲವಾಗಲಿ ಮಂಡ್ಯದ ಗದ್ದೆಯಾಗಲಿ ಈ ರೀತಿಯಾಗಿ ದೂರದ ಗಣಿಗಳಿಗೆ ಕಟ್ಟುಬಿದ್ದಿದೆ.

ಇಷ್ಟು ಬೆಲೆ ತೆತ್ತು ತಂದ ರಂಜಕವು ಹೊಲದಲ್ಲಿ ಏನಾಗುವುದೆಂಬುದನ್ನು ಒಕ್ಕಲಿಗನು ಅವಶ್ಯವಾಗಿ ತಿಳಿದಿರಬೇಕು. ಕಾರ್ಖಾನೆಯು ತೆರೆದ ಬೀಗವನ್ನು ಮಣ್ಣು ಮತ್ತೆ ಹಾಕಿಬಿಡುವುದು. ಕೆಮ್ಮಣ್ಣಿನಲ್ಲಿಯೂ ಮಲೆನಾಡು ಕರಾವಳಿಗಳ ಜಂಬಿಟ್ಟಿಗೆಯ ಮಣ್ಣಿನಲ್ಲಿಯೂ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಹಿಡಿದುಕೊಳ್ಳುವುವು. ಉತ್ತರ ಕರ್ನಾಟಕದ ಸುಣ್ಣ ಬೆರೆತ ಎರೆಭೂಮಿಯಲ್ಲಿ ಕ್ಯಾಲ್ಸಿಯಂ ಅದನ್ನು ಹಿಡಿಯುವುದು. ಹಾಕಿದ ರಂಜಕದಲ್ಲಿ ಆ ವರ್ಷದ ಪೈರಿಗೆ ದಕ್ಕುವುದು ಸಾಮಾನ್ಯವಾಗಿ ಐದರಲ್ಲಿ ಒಂದು ಪಾಲು ಅಥವಾ ಅದಕ್ಕಿಂತಲೂ ಕಡಿಮೆ. ಉಳಿದುದು ನಾಶವಾಯಿತೆಂದು ತಿಳಿಯಬಾರದು. ಅದು ಮಣ್ಣಿನಲ್ಲಿ ಠೇವಣಿಯಾಗಿ ಉಳಿಯುವುದು. ರೋಥಾಂಸ್ಟೆಡ್ಡಿನ ಒಂದು ಹೊಲದ ಕೆಲವು ಪಾಲುಗಳಿಗೆ 1856ರಿಂದ 1901ರವರೆಗಿನ ಕಾಲದಲ್ಲಿ ಸೂಪರ್ ಫಾಸ್ಫೇಟನ್ನೋ ಕೊಟ್ಟಿಗೆ ಗೊಬ್ಬರವನ್ನೋ ಹಾಕಿ, ಆಮೇಲೆ ನಿಲ್ಲಿಸಿಬಿಟ್ಟರು. ಹಲವು ದಶಕಗಳ ಬಳಿಕವೂ ಆ ಪಾಲುಗಳಲ್ಲಿ ಬಾರ್ಲಿಯು ನೆರೆಯ ಬರಿಯ ಪಾಲುಗಳಿಗಿಂತ ಹೆಚ್ಚಾಗಿ ಬೆಳೆಯಿತು. ತಾತನು ಹಾಕಿದುದನ್ನು ಮೊಮ್ಮಗನು ಉಂಡಂತಾಯಿತು.

ಆದರೆ ಮಣ್ಣೇ ಕೊಚ್ಚಿಕೊಂಡು ಹೋದರೆ ಠೇವಣಿಯೂ ಹೋಯಿತು. ಮಳೆಯ ನೀರು ಮೇಲ್ಮಣ್ಣನ್ನು ಹಳ್ಳಕ್ಕೂ ಹಳ್ಳವು ಕೆರೆಗೂ ಒಯ್ದಾಗ ಹೊಲದಲ್ಲಿ ಅನ್ನವಾಗಬೇಕಿದ್ದ ರಂಜಕವು ಕೆರೆಯಲ್ಲಿ ಪಾಚಿಯಾಗುವುದು. ಕೆನಡಾ ದೇಶದ ಒಂಟೇರಿಯೊ ಪ್ರಾಂತದಲ್ಲಿ ಪ್ರಯೋಗಕ್ಕೆಂದು ಮೀಸಲಿಟ್ಟ ಕೆರೆಗಳಲ್ಲಿ 226ನೆಯದನ್ನು 1973ರಲ್ಲಿ ನಡುವೆ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಇಂಗಾಲವನ್ನೂ ಸಾರಜನಕವನ್ನೂ ಎರಡು ಪಾಲುಗಳಿಗೂ ಹಾಕಿದರು; ರಂಜಕವನ್ನು ಒಂದಕ್ಕೆ ಮಾತ್ರ ಹಾಕಿದರು. ರಂಜಕ ಬಿದ್ದ ಪಾಲು ಹಸುರು ಪಾಚಿಯಿಂದ ಮುಚ್ಚಿಹೋಯಿತು. ಮತ್ತೊಂದು ತಿಳಿಯಾಗಿಯೇ ಉಳಿಯಿತು. ಪಟ್ಟಣಗಳ ಕೊಳಚೆಯನ್ನು ಕುಡಿದ ಕೆರೆಗಳು ಹಸುರುಗಟ್ಟಿ ಮೀನುಗಳು ಉಸಿರಿಲ್ಲದೆ ಸಾಯುವುದಕ್ಕೂ ಈ ರಂಜಕವು ಒಂದು ಪ್ರಬಲ ಕಾರಣ. ಒಂದು ಕಡೆಯಲ್ಲಿ ಕೊರತೆ, ಮತ್ತೊಂದು ಕಡೆಯಲ್ಲಿ ಅಜೀರ್ಣ: ಕಡಿದುಹೋದ ಸುತ್ತಿನ ಎರಡು ತುದಿಗಳು ಇವೇ.

ಹೀಗಿರಲು ಒಕ್ಕಲಿಗನು ಮಾಡತಕ್ಕುದೇನು? ಮೊದಲನೆಯದಾಗಿ, ಮಣ್ಣನ್ನು ಪರೀಕ್ಷಿಸದೆ ಗೊಬ್ಬರ ಹಾಕಬಾರದು. ನೆರೆಯವನು ಎರಡು ಚೀಲ ಹಾಕಿದನೆಂದು ತಾನೂ ಎರಡು ಚೀಲ ಹಾಕುವುದು ಬೇಸಾಯವಲ್ಲ. ಠೇವಣಿ ತುಂಬಿರುವ ಹೊಲಕ್ಕೆ ಸಾಲ ಮಾಡಿ ಮತ್ತೆ ತುಂಬುವುದರಿಂದ ಚೀಲದ ಅಂಗಡಿಗೆ ಲಾಭ, ಮನೆಗೆ ನಷ್ಟ. 2009ರಲ್ಲಿ ಆರಂಭವಾದ ಕರ್ನಾಟಕದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಿಂದ ಅನೇಕ ಹೊಲಗಳಲ್ಲಿ ಗಂಧಕ, ಸತು, ಬೋರಾನ್‌ಗಳ ಕೊರತೆಯಿರುವುದು ತಿಳಿದುಬಂದಿತು. ಅಂತಹ ಕಡೆ ಕೊರತೆಯಾದುದನ್ನು ಬಿಟ್ಟು ಡಿ.ಎ.ಪಿ.ಯನ್ನೇ ಹೆಚ್ಚಿಸುತ್ತ ಹೋದರೆ ಪ್ರಯೋಜನವಿಲ್ಲ. ಡಿ.ಎ.ಪಿ.ಯಲ್ಲಿ ಗಂಧಕವಿಲ್ಲ, ಹಳೆಯ ಸೂಪರ್ ಗೊಬ್ಬರದಲ್ಲಿ ಅದುಂಟು. ಎಣ್ಣೆಕಾಳು, ಬೇಳೆಕಾಳುಗಳ ಬೆಳೆಗೆ ಈ ಭೇದವು ನೆನಪಿನಲ್ಲಿರಬೇಕು.

ಎರಡನೆಯದಾಗಿ, ರಂಜಕವು ಮಣ್ಣಿನಲ್ಲಿ ಬಹು ದೂರ ಚಲಿಸದು. ಆದುದರಿಂದ ಅದನ್ನು ಹೊಲದ ಮೇಲೆ ಎರಚುವುದಕ್ಕಿಂತ ಬಿತ್ತನೆಯ ಕಾಲದಲ್ಲಿಯೇ ಬೀಜದ ಸಾಲಿನ ಪಕ್ಕದಲ್ಲಿ, ಬೀಜಕ್ಕಿಂತ ಸ್ವಲ್ಪ ಕೆಳಗೆ ಬೀಳುವಂತೆ ಕೂರಿಗೆಯಿಂದ ಹಾಕುವುದು ಲೇಸು. ಎಳೆಯ ಬೇರು ಮೊದಲು ಚಾಚುವಲ್ಲಿಯೇ ಅದು ದೊರೆತರೆ ಕಡಿಮೆ ಗೊಬ್ಬರದಲ್ಲಿ ಹೆಚ್ಚು ಫಲವಾಗುವುದು. ಇಳಿಜಾರಿನ ಹೊಲಕ್ಕೆ ಒಡ್ಡು ಹಾಕಿ ಮಣ್ಣನ್ನು ಕಾಯುವುದೂ ರಂಜಕವನ್ನು ಕಾಯುವ ಕೆಲಸವೇ.

ಮೂರನೆಯದಾಗಿ, ಎಲ್ಲ ಭೂಮಿಗೂ ಕಾರ್ಖಾನೆಯ ಕೀಲಿಕೈ ಬೇಕಾಗುವುದಿಲ್ಲ. ಕೊಡಗು, ಚಿಕ್ಕಮಗಳೂರು ಮೊದಲಾದ ಕಡೆಗಳ ಹುಳಿಮಣ್ಣಿನಲ್ಲಿ ಮಣ್ಣಿನ ಹುಳಿಯೇ ಕಲ್ಲಿನ ಪುಡಿಯನ್ನು ಮೆಲ್ಲಮೆಲ್ಲನೆ ಕರಗಿಸುವುದು. ಆದಕಾರಣ ಕಾಫಿ ತೋಟಗಳಲ್ಲಿ ನುಣ್ಣಗೆ ಅರೆದ ರಾಕ್ ಫಾಸ್ಫೇಟನ್ನು ನೇರವಾಗಿ ಬಳಸುವ ರೂಢಿಯುಂಟು. ಸುಣ್ಣ ಬೆರೆತ ಎರೆಭೂಮಿಯಲ್ಲಿ ಇದೇ ಪುಡಿಯು ಕಲ್ಲಾಗಿಯೇ ಉಳಿಯುವುದು. ಭೂಮಿಯ ಗುಣವನ್ನು ಅರಿಯದೆ ಒಬ್ಬರ ಕ್ರಮವನ್ನು ಮತ್ತೊಬ್ಬರು ಅನುಸರಿಸಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಮಣ್ಣಿನಲ್ಲಿಯೇ ರಂಜಕವನ್ನು ಕರಗಿಸಿಕೊಡುವ ಸೂಕ್ಷ್ಮಜೀವಿಗಳೂ, ಬೇರಿನೊಡನೆ ಕೂಡಿ ಬಾಳುತ್ತ ದೂರದ ರಂಜಕವನ್ನು ಎಳೆದು ತರುವ ಬೂಷ್ಟಿನ ಜಾತಿಗಳೂ ಇವೆ. ಕೊಟ್ಟಿಗೆ ಗೊಬ್ಬರವು ಇವುಗಳಿಗೆ ಆಹಾರವಾಗಿ, ಹಾಕಿದ ರಂಜಕಕ್ಕೆ ಮಣ್ಣು ಬೇಗನೆ ಬೀಗ ಹಾಕದಂತೆ ಸ್ವಲ್ಪಮಟ್ಟಿಗೆ ತಡೆಯುವುದು. ಚೀಲದ ಗೊಬ್ಬರವು ಬಂದಿತೆಂದು ತಿಪ್ಪೆಯನ್ನು ಮರೆತವನು ಎರಡರ ಫಲವನ್ನೂ ಅರೆಯಾಗಿ ಉಣ್ಣುವನು.

ಕೊನೆಯದು ಒಕ್ಕಲಿಗನೊಬ್ಬನ ಕೆಲಸವಲ್ಲ, ಸಮಾಜದ ಕೆಲಸ. ಉಂಡ ರಂಜಕದ ಬಹುಭಾಗವು ಮೂತ್ರದಲ್ಲಿಯೇ ಹೊರಹೋಗುವುದು. 1669ರಲ್ಲಿ ಬ್ರಾಂಡನು ಕಂಡುದೂ ಇದನ್ನೇ. ಪಟ್ಟಣಗಳ ಕೊಳಚೆಯಿಂದ ರಂಜಕವನ್ನು ಹರಳುಗಟ್ಟಿಸಿ ಗೊಬ್ಬರವಾಗಿ ಹಿಂದೆ ಪಡೆಯುವ ಯಂತ್ರಗಳು ಈಗ ಹಲವು ದೇಶಗಳಲ್ಲಿ ಕೆಲಸ ಮಾಡುತ್ತಿವೆ. ಜರ್ಮನಿಯು 2017ರಲ್ಲಿ ದೊಡ್ಡ ಪಟ್ಟಣಗಳ ಕೊಳಚೆಯ ಶೇಷದಿಂದ ರಂಜಕವನ್ನು ಹಿಂದೆ ಪಡೆಯಲೇಬೇಕೆಂದು ನಿಯಮ ಮಾಡಿ, ಅದಕ್ಕೆ ಕಾಲಾವಕಾಶವನ್ನೂ ಕೊಟ್ಟಿತು. ಹಳ್ಳಿಯ ತಿಪ್ಪೆಗುಂಡಿಯು ಮಾಡುತ್ತಿದ್ದ ಕೆಲಸವನ್ನು ಇದು ಪಟ್ಟಣದ ಪ್ರಮಾಣದಲ್ಲಿ ಮಾಡುವುದು. ನೂರಾರು ಜನರಿಗೆ ಅನ್ನವಿಕ್ಕುವ ಸಂಸ್ಥೆಗಳು, ವಿದ್ಯಾರ್ಥಿನಿಲಯಗಳು, ಗೋಶಾಲೆಗಳು ತಮ್ಮ ಅಡುಗೆಮನೆಯ ಶೇಷವನ್ನೂ ಕೊಟ್ಟಿಗೆಯ ಸಗಣಿ ಗಂಜಲಗಳನ್ನೂ ಹಳ್ಳಕ್ಕೆ ಬಿಡದೆ ಹೊಲಕ್ಕೆ ಮರಳಿಸುವ ಏರ್ಪಾಡನ್ನು ಇಂದೇ ಮಾಡಬಹುದು. ಇದಕ್ಕೆ ಯಾವ ದೂರದ ಗಣಿಯ ಅಪ್ಪಣೆಯೂ ಬೇಕಾಗಿಲ್ಲ.

ಸಾರಾಂಶವಿಷ್ಟೆ. ಕಲ್ಲಿನ ಬೀಗವನ್ನು ತೆರೆಯುವ ವಿದ್ಯೆಯು ಮನುಷ್ಯನಿಗೆ ಲಭಿಸಿದೆ; ಕಲ್ಲನ್ನು ಸೃಷ್ಟಿಸುವ ವಿದ್ಯೆ ಲಭಿಸಿಲ್ಲ. ಕೋಟ್ಯಂತರ ವರ್ಷಗಳಲ್ಲಿ ಕೂಡಿದುದನ್ನು ಕೆಲವು ತಲೆಮಾರುಗಳು ತೆಗೆದು ಖರ್ಚುಮಾಡುತ್ತಿವೆ. ಹೊಲಕ್ಕೆ ಬೇಕಾದಷ್ಟನ್ನು ಸಂಕೋಚವಿಲ್ಲದೆ ಕೊಡಬೇಕು. ಬೇಡದುದನ್ನು ಒಂದು ಹಿಡಿಯೂ ಚೆಲ್ಲಬಾರದು. ಹೊಲದಿಂದ ಬಂದುದನ್ನು ಸಾಧ್ಯವಾದಷ್ಟೂ ಹೊಲಕ್ಕೇ ಮರಳಿಸಬೇಕು. ಮುಂದಿನ ಬಿತ್ತನೆಗೆ ಮುಂಚೆ ಒಂದೊಂದು ಮನೆಯವರು ತಮ್ಮ ಹೊಲದ ಒಂದು ಸೇರು ಮಣ್ಣನ್ನು ಪರೀಕ್ಷೆಗೆ ಕಳುಹಿಸಿ, ತಮ್ಮ ತಿಪ್ಪೆಗುಂಡಿಗೆ ಒಂದು ನೆರಳಿನ ಮಾಡನ್ನು ಕಟ್ಟಿದರೆ ಈ ಉಪನ್ಯಾಸವು ಸಾರ್ಥಕವಾಗುವುದು.